ಹಲಸಿನ ಮರ ಹೊತ್ತ ಹಡಗು: ಮೇಜಿನ ಸುತ್ತ ಕುಳಿತು ಆಡುವ ವಿಜ್ಞಾನ ಕಥೆ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ರೈಲಿನಲ್ಲಿ ಹೊರಟರೆ, ಕ್ಯಾತ್ಸಂದ್ರಕ್ಕೆ ಮುಂಚೆ ಹಿರೇಹಳ್ಳಿ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಹೆದ್ದಾರಿಯಲ್ಲಿ ಬಂದವರಿಗೆ ಹಿರೇಹಳ್ಳಿ ಎಂದರೆ ಕೈಗಾರಿಕಾ ಪ್ರದೇಶ. ತೋಟಗಾರರಿಗೆ ಮಾತ್ರ ಅದು ಬೇರೆಯೇ ಕಾರಣಕ್ಕೆ ಪರಿಚಿತ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೊಂದು ಅಲ್ಲಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ, ತಾಮ್ರಗೆಂಪು ತೊಳೆಯ ಒಂದು ಹಲಸಿನ ಮರವನ್ನು ಗುರುತಿಸಿ, ಕಸಿ ಕಟ್ಟಿ, 'ಸಿದ್ದು' ಎಂಬ ಹೆಸರಿನಲ್ಲಿ ನಾಡಿಗೆ ಪರಿಚಯಿಸಿದ್ದು ಈ ಕೇಂದ್ರವೇ. ರೈತರ ತಂದೆಯ ನೆನಪಿಗೆ ಇಟ್ಟ ಹೆಸರು ಅದು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕಿಲೋ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಈ ಹಲಸನ್ನು ಶನಿಗ್ರಹದ ಬಳಿಗೆ ಒಯ್ಯಬೇಕಾಗಿದೆ ಎಂದುಕೊಳ್ಳಿ. ನೀವೇನು ಮಾಡುತ್ತೀರಿ?

"ಬೀಜ ತೆಗೆದುಕೊಂಡು ಹೋದರಾಯಿತು" ಎಂದು ನೀವು ಹೇಳಬಹುದು. ರಾಗಿ ಭತ್ತಗಳಾದರೆ ಆ ಉತ್ತರ ಸರಿ. ಆದರೆ ಹಲಸಿನ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಇಡಲಾಗುವುದಿಲ್ಲ. ತೇವ ಆರಿದರೆ ಅದು ಸಾಯುತ್ತದೆ. ಇನ್ನೊಂದು ತೊಡಕೂ ಇದೆ. ಹಲಸಿನಲ್ಲಿ ಪರಾಗಸ್ಪರ್ಶ ಬೇರೆ ಮರಗಳಿಂದ ಆಗುವುದರಿಂದ, ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನೇ ಹೊತ್ತು ಬರುತ್ತದೆಂಬ ಭರವಸೆ ಇಲ್ಲ. ಹಾಗಾಗಿ ತಳಿ ಉಳಿಯಬೇಕಾದರೆ ಜೀವಂತ ಮರವೇ ಹಡಗನ್ನು ಹತ್ತಬೇಕು. ಮರ ಹತ್ತಿದರೆ ಮಣ್ಣು ಹತ್ತಬೇಕು, ನೀರು ಹತ್ತಬೇಕು, ಬೆಳಕು ಹತ್ತಬೇಕು. ಜೊತೆಗೆ ಮರ ನೋಡಿಕೊಳ್ಳುವವರು. ಅವರು ಕುಡಿಯುವ ನೀರನ್ನೇ ಮರವೂ ಕುಡಿಯುತ್ತದೆ. ನೀರು ಕಡಮೆಯಾದ ದಿನ ಏನಾಗುತ್ತದೆ?

ನೋಡಿದಿರಾ, ಒಂದು ಸಸ್ಯಶಾಸ್ತ್ರದ ಸಂಗತಿಯಿಂದ ಹೊರಟು ನಾಲ್ಕೇ ಹೆಜ್ಜೆಯಲ್ಲಿ ಜಗಳದ ಬಾಗಿಲಿಗೆ ಬಂದೆವು. ವಿಜ್ಞಾನ ಕಥೆ ಹುಟ್ಟುವುದು ಹೀಗೆ. ಇಂಥ ಕಥೆಯನ್ನು ಒಬ್ಬರೇ ಕುಳಿತು ಬರೆಯದೆ, ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಒಂದು ಬಗೆಯ ಆಟವಿದೆ. ಅದನ್ನು ಹೇಗೆ ಕಟ್ಟುವುದು, ಹೇಗೆ ನಡೆಸುವುದು ಎಂಬುದನ್ನು ಈ ಪುಟಗಳಲ್ಲಿ ಹೇಳುತ್ತೇನೆ.

ಇದೇನು ಆಟ?

ಇದಕ್ಕೆ ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರದಾಟ ಎನ್ನೋಣ. ಒಬ್ಬರು ಸೂತ್ರಧಾರರು. ಉಳಿದವರು ತಮ್ಮ ತಮ್ಮ ಪಾತ್ರಗಳನ್ನು ಆಡುವವರು. ಸೂತ್ರಧಾರರು ಸನ್ನಿವೇಶವನ್ನು ಬಾಯಿಮಾತಿನಲ್ಲಿ ವಿವರಿಸಿ, "ನೀವೇನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಫಲ ಏನೆಂಬುದು ಅನುಮಾನವಿದ್ದಾಗ ದಾಳ ಉರುಳುತ್ತದೆ. ಸೋಲು ಗೆಲುವು ಎಂಬುದು ಇಲ್ಲಿ ಮುಖ್ಯವಲ್ಲ; ಮುಂದೇನಾಯಿತು ಎಂಬುದು ಮುಖ್ಯ.

ಕರಾವಳಿ ಮತ್ತು ಕಾಸರಗೋಡಿನ ಕಡೆಯ ಓದುಗರಿಗೆ ಇದು ಹೊಸದೆನಿಸಲಾರದು. ಯಕ್ಷಗಾನ ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನಾಗಿ, ಕೌರವನಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದ ಹೂಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಗಳಿಸಿದ್ದು ಈ ಕಲೆಯಲ್ಲೇ. ಪಾತ್ರದಾಟಕ್ಕೂ ತಾಳಮದ್ದಳೆಗೂ ಇರುವ ದೊಡ್ಡ ವ್ಯತ್ಯಾಸ ಒಂದೇ: ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲಿ ಮುಗಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಸಂಧಾನ ಮುರಿಯಲೇಬೇಕು. ಪಾತ್ರದಾಟದಲ್ಲಿ ಅದು ಸೂತ್ರಧಾರರಿಗೂ ಗೊತ್ತಿರುವುದಿಲ್ಲ.

ನಮ್ಮ ನಾಡಿಗೆ ಆಟ ಕಟ್ಟುವ ಕೆಲಸವೂ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಮಣೆಯಾಟಗಳನ್ನು ಸ್ವತಃ ರೂಪಿಸಿದವರು. ಆದರೆ ಇಂದಿನ ಅರ್ಥದ ಪಾತ್ರದಾಟ ಅಚ್ಚಾಗಿ ಹೊರಬಂದದ್ದು ಅಮೆರಿಕದಲ್ಲಿ, 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮಾಂತ್ರಿಕರ, ರಾಕ್ಷಸರ ಲೋಕದ್ದು. ವಿಜ್ಞಾನ ಕಥೆ ಬೇಗನೆ ಹಿಂಬಾಲಿಸಿತು. 1976ರಲ್ಲಿ ಜೇಮ್ಸ್ ವಾರ್ಡ್ ಅವರ 'ಮೆಟಮಾರ್ಫೊಸಿಸ್ ಆಲ್ಫಾ' ಬಂತು: ತಲೆಮಾರುಗಳ ಕಾಲ ಸಾಗುವ ಒಂದು ಮಹಾನೌಕೆ, ದುರಂತವೊಂದರ ನಂತರ ಒಳಗಿರುವವರಿಗೆ ತಾವು ನೌಕೆಯಲ್ಲಿದ್ದೇವೆ ಎಂಬುದೇ ಮರೆತುಹೋಗಿದೆ. 1977ರಲ್ಲಿ ಮಾರ್ಕ್ ಮಿಲ್ಲರ್ ಅವರ 'ಟ್ರಾವೆಲರ್' ಬಂತು. ಆ ಲೋಕದಲ್ಲಿ ಹಡಗಿಗಿಂತ ವೇಗವಾಗಿ ಯಾವ ಸುದ್ದಿಯೂ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗಲಾರದು. ಒಂದು ಜಿಗಿತಕ್ಕೆ ಒಂದು ವಾರ. ಈ ಒಂದೇ ಕಟ್ಟಳೆಯಿಂದ ಅಂಚೆ ಹಡಗು, ದೂರದ ಊರಿನ ಸ್ವಾತಂತ್ರ್ಯ, ತಡವಾಗಿ ತಲುಪುವ ಆಜ್ಞೆ ಎಲ್ಲವೂ ಹುಟ್ಟಿಕೊಂಡವು. ಒಂದು ನಿಯಮವನ್ನು ಸರಿಯಾಗಿ ಆರಿಸಿದರೆ ಇಡೀ ಸಮಾಜ ಅದರಿಂದ ಬೆಳೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಾನು ಮಾಡಿದ ತಪ್ಪು

1998ರಲ್ಲಿ ದೂರದರ್ಶನದಲ್ಲಿ 'ಕ್ಯಾಪ್ಟನ್ ವ್ಯೋಮ್' ಬರುತ್ತಿದ್ದಾಗ ನಾನು ಪಿ.ಯು.ಸಿ. ಓದುತ್ತಿದ್ದೆ. ಆಮೇಲೆ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದೆ. ಹೊಟ್ಟೆಪಾಡಿಗೆ ಟಿ.ವಿ. ಕಾರ್ಯಕ್ರಮ ನಿರ್ಮಾಣಕ್ಕೆ ಬಂದೆ. ಎರಡು ದಶಕ ಚಿತ್ರಕಥೆಗಳ ಜೊತೆ ಬದುಕಿದವನಿಗೆ ಒಂದು ಚಟ ಅಂಟುತ್ತದೆ: ಕೊನೆಯ ದೃಶ್ಯ ಬರೆಯದೆ ಮೊದಲ ದೃಶ್ಯ ಚಿತ್ರಿಸಬಾರದು.

ಹಿರೇಹಳ್ಳಿ ಕಡೆಯ ಒಂದು ಶಾಲೆಯ ಐವರು ಮಕ್ಕಳೊಂದಿಗೆ ಶನಿವಾರ ಮಧ್ಯಾಹ್ನಗಳಲ್ಲಿ ಈ ಆಟ ಆಡಿಸೋಣವೆಂದು ಹೊರಟಾಗ ನಾನು ಮಾಡಿದ್ದೂ ಅದನ್ನೇ. ನಲವತ್ತು ಪುಟ ಬರೆದುಕೊಂಡು ಹೋದೆ. ಅನ್ಯಗ್ರಹದ ನೌಕೆ ಬರುತ್ತದೆ, ಯುದ್ಧವಾಗುತ್ತದೆ, ಮಕ್ಕಳ ಹಡಗು ಗೆಲ್ಲುತ್ತದೆ. ಮಕ್ಕಳು ಯುದ್ಧ ಮಾಡಲೊಲ್ಲರು. ಆ ಅತಿಥಿಗಳೊಂದಿಗೆ ಮಾತಾಡುತ್ತೇವೆ ಎಂದರು. ನಾನು ಏನೋ ನೆಪ ಹೇಳಿ ಮಾತುಕತೆ ಮುರಿದೆ. ಇನ್ನೊಂದು ದಾರಿ ಹುಡುಕಿದರು, ಅದನ್ನೂ ಮುಚ್ಚಿದೆ. ಕೊನೆಗೆ ಅಷ್ಟು ಹೊತ್ತೂ ಮಾತಾಡದೆ ಕುಳಿತಿದ್ದ ಒಬ್ಬ ಹುಡುಗಿ ಕೇಳಿದಳು: "ಸಾರ್, ನಾವು ಏನು ಹೇಳಿದ್ರೂ ಹಡಗು ಅಲ್ಲಿಗೇ ಹೋಗುತ್ತಲ್ವಾ? ಹಾಗಿದ್ರೆ ನಮ್ಮನ್ಯಾಕೆ ಕೇಳ್ತೀರಿ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ಶನಿವಾರ ಆ ಹುಡುಗಿ ಬರಲಿಲ್ಲ. ಉಳಿದವರು ಬಂದರು, ಆದರೆ ನನ್ನ ಮುಖ ನೋಡಿ, ನನಗೆ ಬೇಕಾದ ಉತ್ತರ ಯಾವುದೆಂದು ಊಹಿಸಿ ಹೇಳತೊಡಗಿದರು. ಪರೀಕ್ಷೆಯಲ್ಲಿ ಮಾಡುವಂತೆ. ನಲವತ್ತು ಪುಟಗಳನ್ನು ಪಕ್ಕಕ್ಕಿಟ್ಟೆ. ಕಥೆಯನ್ನು ಬಿಟ್ಟು ಸನ್ನಿವೇಶವನ್ನು ಮಾತ್ರ ಕಟ್ಟುವುದನ್ನು ಕಲಿಯಬೇಕಾಯಿತು. ಕಲಿತದ್ದನ್ನು ಹೇಳುತ್ತೇನೆ.

ಲೋಕ ಕಟ್ಟುವ ಬಗೆ

ಮೊದಲ ಸೂತ್ರ: ಒಂದೇ ಒಂದು 'ಹೀಗಾದರೆ' ಇರಲಿ. ಉಳಿದದ್ದೆಲ್ಲ ನಿಮ್ಮ ಪಠ್ಯಪುಸ್ತಕದ ವಿಜ್ಞಾನವೇ ಆಗಿರಲಿ. ನಮ್ಮ ಎರಡನೆಯ ಆಟದ 'ಹೀಗಾದರೆ' ನೀವು ಆರಂಭದಲ್ಲೇ ಕೇಳಿದ್ದು: ಹಿರೇಹಳ್ಳಿಯ ಹಲಸು ಶನಿಯ ಬಳಿಗೆ ಹೊರಟಿದೆ. ವರ್ಷ 2190. ಹಡಗಿನ ಹೆಸರು 'ಚಿಲುಮೆ', ಪಕ್ಕದ ದೇವರಾಯನದುರ್ಗದ ನಾಮದ ಚಿಲುಮೆಯ ನೆನಪಿಗೆ. ಒಳಗೆ 160 ಜನ, 20 ಹಲಸಿನ ಮರ, ಒಂದೊಂದೂ ಒಂದೊಂದು ತಳಿ. ಶನಿ ಇನ್ನೂ 12 ವರ್ಷ ದೂರ. (1997ರಲ್ಲಿ ಹಾರಿದ ಕ್ಯಾಸಿನಿ ನೌಕೆ ಶನಿಯನ್ನು ಮುಟ್ಟಿದ್ದು 2004ರಲ್ಲಿ, ಸುಮಾರು ಏಳು ವರ್ಷಕ್ಕೆ. ನಮ್ಮದು ಭಾರದ ಹಡಗು.)

ಎರಡನೆಯ ಸೂತ್ರ: ಲೆಕ್ಕ ಹಾಕಿ, ಲೆಕ್ಕವೇ ಕಥೆ ಹೇಳುತ್ತದೆ. ಮೂರು ಲೆಕ್ಕ ನೋಡಿ.

ತೂಕ: ಆಕಾಶದಲ್ಲಿ ಮರದ ಬೇರು ಕೆಳಗೆ ಇಳಿಯಬೇಕಾದರೆ 'ಕೆಳಗೆ' ಎಂಬುದು ಇರಬೇಕು. ಚಕ್ರದಂತೆ ತಿರುಗುವ ಹಡಗಿನಲ್ಲಿ ಅಂಚಿನ ಕಡೆಗೆ ತೂಕ ಹುಟ್ಟುತ್ತದೆ. ನಿಮಿಷಕ್ಕೆ 2 ಸುತ್ತು ತಿರುಗಿದರೆ, ಭೂಮಿಯಷ್ಟೇ ತೂಕಕ್ಕೆ ಚಕ್ರದ ತ್ರಿಜ್ಯ ಸುಮಾರು 224 ಮೀಟರ್ ಬೇಕು. ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ 9.8 ಬರುತ್ತದೆಯೆ ಎಂದು ನೀವೇ ಪರೀಕ್ಷಿಸಿ. ಇಷ್ಟಾದ ಮೇಲೆ ಚಕ್ರ ನಿಂತುಹೋದರೆ ಏನಾದೀತು ಎಂಬುದು ಒಂದು ಕಂತಿನ ಕಥೆ.

ಮಾತು: ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಶನಿಯಿಂದ ಭೂಮಿಗೆ ಅದಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪ್ರಶ್ನೆ ಕಳುಹಿಸಿ ಉತ್ತರ ಪಡೆಯಲು ಎರಡು ಗಂಟೆಗೂ ಮಿಕ್ಕಿ. ಅಲ್ಲಿಗೆ, ತುರ್ತು ಪರಿಸ್ಥಿತಿಯಲ್ಲಿ ದೊಡ್ಡವರನ್ನು ಕೇಳಿ ನಿರ್ಧರಿಸುವ ದಾರಿ ಮುಚ್ಚಿತು. ಆಟಗಾರರೇ ನಿರ್ಧರಿಸಬೇಕು. ಆಟ ಕಟ್ಟುವವರಿಗೆ ಬೇಕಾದದ್ದೂ ಅದೇ.

ನೀರು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ, ಉಸಿರಿನ ತೇವ ಎಲ್ಲವನ್ನೂ ಶುದ್ಧ ಮಾಡಿ ಮರಳಿ ಬಳಸುತ್ತಾರೆ. 2023ರಲ್ಲಿ ಈ ಮರುಬಳಕೆ ಶೇಕಡ 98ನ್ನು ಮುಟ್ಟಿತು. ನಮ್ಮ ಹಡಗಿಗೂ ಅದೇ ಅಂಕಿ ಇಟ್ಟೆ. ಒಬ್ಬರಿಗೆ ದಿನಕ್ಕೆ 25 ಲೀಟರ್. (ಹಳ್ಳಿಗಳಿಗೆ ಜಲಜೀವನ ಯೋಜನೆ ಇಟ್ಟುಕೊಂಡ ಗುರಿ ತಲಾ 55 ಲೀಟರ್, ಅದರ ಅರ್ಧಕ್ಕಿಂತ ಕಡಮೆ.) ಮರವೊಂದಕ್ಕೆ 50 ಲೀಟರ್ ಎಂದು ಆಟದ ಅನುಕೂಲಕ್ಕೆ ಇಟ್ಟುಕೊಂಡೆ. ಜನರಿಗೆ 4,000, ಮರಗಳಿಗೆ 1,000. ದಿನಕ್ಕೆ ಒಟ್ಟು 5,000 ಲೀಟರ್ ಸುತ್ತುತ್ತದೆ. ಶೇಕಡ 2 ನಷ್ಟವೆಂದರೆ ದಿನಕ್ಕೆ 100 ಲೀಟರ್, ವರ್ಷಕ್ಕೆ 36,500. ಕೂಡಿಟ್ಟ ನೀರು 7,30,000 ಲೀಟರ್. ಅಂದರೆ 20 ವರ್ಷಕ್ಕೆ ಸಾಕು. ಪ್ರಯಾಣ 12 ವರ್ಷ. ಎಲ್ಲರೂ ನೆಮ್ಮದಿ.

ಈಗ ಒಂದೇ ಒಂದು ತಿರುಪನ್ನು ಸಡಿಲಿಸಿ. ಶುದ್ಧೀಕರಣ ಯಂತ್ರ ಸವೆದು 98 ಇದ್ದದ್ದು 96ಕ್ಕೆ ಇಳಿಯಿತು. ಬರಿಯ 2 ಅಂಶ! ಆದರೆ ನಷ್ಟ ಇಮ್ಮಡಿಯಾಯಿತು, ನೀರು 10 ವರ್ಷಕ್ಕೆ ಇಳಿಯಿತು. ಶನಿ 12 ವರ್ಷ ದೂರ. ಯಂತ್ರದ ಬಿಡಿಭಾಗ ಭೂಮಿಯಲ್ಲಿ ಮಾತ್ರ ಸಿಗುತ್ತದೆ.

ನಾನು ಕಟ್ಟಿದ್ದು ಇಷ್ಟೇ. ಕೊನೆ ಬರೆಯಲಿಲ್ಲ.

ಪಾತ್ರ ಮತ್ತು ಕವಡೆ

ಪಾತ್ರಕ್ಕೆ ಮೂರು ಸಾಲು ಸಾಕು: ಕಸುಬು ಏನು, ಬಯಕೆ ಏನು, ಗುಟ್ಟು ಏನು. ಕಸುಬಿನಿಂದ ಪಾತ್ರಕ್ಕೆ ಕೆಲಸ ಸಿಗುತ್ತದೆ. ಬಯಕೆಯಿಂದ ದಿಕ್ಕು ಸಿಗುತ್ತದೆ. ಗುಟ್ಟಿನಿಂದ ಉಳಿದ ಪಾತ್ರಗಳೊಡನೆ ಸಂಬಂಧ ಬಿಗಿಯಾಗುತ್ತದೆ. ನಮ್ಮ ಮೇಜಿನ ಸುತ್ತ ಒಬ್ಬ ತೋಟಗಾರ, ಒಬ್ಬ ನೀರಿನ ಯಂತ್ರದ ಮೇಸ್ತ್ರಿ, ಒಬ್ಬ ವೈದ್ಯೆ, ಒಬ್ಬ ಲೆಕ್ಕಿಗಳು, ಒಬ್ಬ ಅಡುಗೆಯವನು ಇದ್ದರು. ಸೈನಿಕರು ಯಾರೂ ಬೇಡವೆಂದು ಮಕ್ಕಳೇ ತೀರ್ಮಾನಿಸಿದರು. ಲೆಕ್ಕಿಗಳು ಯಾರೆಂದು ನೀವು ಊಹಿಸಿರಬಹುದು. ಬಿಟ್ಟುಹೋಗಿದ್ದ ಹುಡುಗಿ, "ಈ ಸಲ ಕೊನೆ ನನಗೂ ಗೊತ್ತಿಲ್ಲ" ಎಂದು ಹೇಳಿ ಕಳುಹಿಸಿದ ಮೇಲೆ ಮರಳಿ ಬಂದಿದ್ದಳು.

'ಟ್ರಾವೆಲರ್' ಆಟದಲ್ಲಿ ಎರಡು ದಾಳ ಹಾಕಿ 8 ಅಥವಾ ಹೆಚ್ಚು ಬಂದರೆ ಕೆಲಸ ಕೈಗೂಡಿತು ಎಂದು ಲೆಕ್ಕ. 36 ಸಾಧ್ಯತೆಗಳಲ್ಲಿ 15, ಎಂದರೆ ಶೇಕಡ 42ರಷ್ಟು. ಕುಶಲಿಗಳಿಗೆ ಅದರ ಮೇಲೆ ಅಂಕ ಕೂಡುತ್ತದೆ. ನಾವು ದಾಳದ ಬದಲು ಚೌಕಾಬಾರದ ಕವಡೆ ಹಿಡಿದೆವು. ನಾಲ್ಕು ಕವಡೆ ಚೆಲ್ಲಿದರೆ ಒಟ್ಟು 16 ಸಾಧ್ಯತೆ. ಬಾಯಿ ಮೇಲಾದದ್ದು ಒಂದೇ ಆಗುವುದು 4 ಬಗೆಯಲ್ಲಿ, ಎರಡಾಗುವುದು 6 ಬಗೆಯಲ್ಲಿ, ಮೂರಾಗುವುದು 4 ಬಗೆಯಲ್ಲಿ, ನಾಲ್ಕೂ ಆಗುವುದು ಒಂದೇ ಬಗೆಯಲ್ಲಿ, ಒಂದೂ ಆಗದಿರುವುದು ಒಂದೇ ಬಗೆಯಲ್ಲಿ. ಹಾಗಾಗಿ ಸಾಧಾರಣ ಕೆಲಸಕ್ಕೆ 2 ಬಾಯಿ ಸಾಕು ಎಂದರೆ ಯಶಸ್ಸು ಶೇಕಡ 69. ಕಷ್ಟದ ಕೆಲಸಕ್ಕೆ 3 ಬೇಕು ಎಂದರೆ ಶೇಕಡ 31. ಕಸುಬು ಬಲ್ಲವರು ಐದು ಕವಡೆ ಚೆಲ್ಲಲಿ: ಕಷ್ಟದ ಕೆಲಸ ಶೇಕಡ 50ಕ್ಕೆ ಏರುತ್ತದೆ. ನುರಿತವರು ಆರು ಚೆಲ್ಲಲಿ: ಶೇಕಡ 66. ಗಣಿತದ ಮೇಷ್ಟರಿಗೆ ಇದನ್ನು ತೋರಿಸಿ, ಸಂತೋಷಪಟ್ಟಾರು.

ಒಂದು ಎಚ್ಚರಿಕೆ. ಕವಡೆ ನಾಣ್ಯದಂತೆ ಸಮವಲ್ಲ. ಒಂದು ಕವಡೆಯನ್ನು 100 ಸಲ ಚೆಲ್ಲಿ ಬರೆದುಕೊಳ್ಳಿ. 60 ಸಲ ಬಾಯಿ ಮೇಲಾದರೆ, ಮೇಲಿನ ಶೇಕಡ 69 ನಿಮ್ಮ ಕವಡೆಯಲ್ಲಿ 82 ಆಗುತ್ತದೆ. ನಿಮ್ಮ ಲೋಕ ನೀವು ಎಣಿಸಿದ್ದಕ್ಕಿಂತ ದಯಾಳುವಾಗಿಬಿಡುತ್ತದೆ! ಬೇಡವಾದರೆ ನಾಣ್ಯಗಳನ್ನೇ ಬಳಸಿ.

ಇನ್ನೊಂದು ಮಾತು. ಎಲ್ಲಕ್ಕೂ ಕವಡೆ ಚೆಲ್ಲಬೇಡಿ. ಬಾಗಿಲು ತೆರೆಯಲು, ಊಟ ಬಡಿಸಲು ಕವಡೆ ಬೇಡ. ಸೋತರೂ ಗೆದ್ದರೂ ಕಥೆ ಮುಂದೆ ಹೋಗುವಂಥ ಕಡೆ ಮಾತ್ರ ಚೆಲ್ಲಿ. ಕವಡೆ ಚೆಲ್ಲುವ ಮುಂಚೆಯೇ, ಸೋತರೆ ಏನಾಗುತ್ತದೆಂದು ಸೂತ್ರಧಾರರು ಹೇಳಿಬಿಡಬೇಕು. ಬಿದ್ದ ಕವಡೆಯನ್ನು ಯಾರ ಮುಲಾಜಿಗೂ ತಿರುಗಿಸಬಾರದು.

ಕಂತು ಕಂತಾಗಿ

ಒಂದು ಮಧ್ಯಾಹ್ನ ಮುಗಿಯುವ ಆಟ ಸಣ್ಣಕಥೆಯಿದ್ದಂತೆ. ಅದೇ ಪಾತ್ರಗಳು, ಅದೇ ಲೋಕ, ವಾರ ವಾರ ಮುಂದುವರಿದರೆ ಅದು ಧಾರಾವಾಹಿ. ಇದನ್ನು ಕ್ಯಾಂಪೇನ್ ಎನ್ನುತ್ತಾರೆ. ಎರಡು ಗಂಟೆಯ ಕಂತು, ನಾಲ್ಕೈದು ಮಂದಿ, ಆರು ವಾರ; ಆರಂಭಕ್ಕೆ ಇದಕ್ಕಿಂತ ದೊಡ್ಡದು ಬೇಡ.

ಧಾರಾವಾಹಿಯ ಪ್ರಾಣ ನೆನಪು. ಒಂದು ನೋಟ್‌ಬುಕ್ ಇಡಿ. ಪ್ರತಿ ಕಂತಿನ ಕೊನೆಯಲ್ಲಿ ಮೂರು ಸಂಗತಿ ಬರೆಯಿರಿ: ಯಾರು ಏನು ಮಾತು ಕೊಟ್ಟರು, ಯಾರಿಗೆ ಏನು ನಷ್ಟವಾಯಿತು, ಯಾವುದು ಮುಚ್ಚಿಡಲ್ಪಟ್ಟಿತು. ಮುಂದಿನ ಕಂತಿಗೆ ಹೊಸ ರಾಕ್ಷಸನನ್ನು ಹುಡುಕಬೇಕಾಗಿಲ್ಲ. ಈ ಪುಟ ತಿರುಗಿಸಿದರೆ ಸಾಕು.

ನಮ್ಮಲ್ಲಿ ನಡೆದದ್ದನ್ನೇ ಕೇಳಿ. ಎರಡನೆಯ ಕಂತಿನಲ್ಲಿ ಯಂತ್ರ 96ಕ್ಕೆ ಇಳಿದದ್ದು ಐವರಿಗೆ ಮಾತ್ರ ತಿಳಿಯಿತು. "ಜನ ಗಾಬರಿಯಾಗುತ್ತಾರೆ, ಹೇಳುವುದು ಬೇಡ" ಎಂದು ತೀರ್ಮಾನಿಸಿದರು. ನಾನು ಒಳ್ಳೆಯದು ಕೆಟ್ಟದ್ದು ಏನೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೆಯ ಕಂತಿನಲ್ಲಿ, ಯಂತ್ರದ ಪರೀಕ್ಷೆ ನಡೆದಿದೆ ಎಂಬ ನೆಪ ಹೇಳಿ, ತಲಾ 25 ಲೀಟರನ್ನು 20ಕ್ಕೆ ಇಳಿಸಲು ಹಡಗಿನ ಸಭೆಯನ್ನು ಒಪ್ಪಿಸಿದರು. ಜನ ನಂಬಿ ಒಪ್ಪಿದರು. ಲೆಕ್ಕಿಗಳು ಕೂಡಿಸಿದಳು: ಜನರಿಗೆ 3,200, ಮರಕ್ಕೆ 1,000, ದಿನದ ನಷ್ಟ 168 ಲೀಟರ್, ನೀರು 11.9 ವರ್ಷಕ್ಕೆ. ಶನಿಗೆ 35 ದಿನ ಕಡಮೆ!

ಮರಗಳನ್ನೆಲ್ಲ ಕಡಿದುಬಿಡೋಣ ಎಂದ ಮೇಸ್ತ್ರಿ. ಆಗ ಯಾರೂ ಸ್ನಾನ ಬಿಡಬೇಕಾಗಿಲ್ಲ. 25 ಲೀಟರ್ ಬಳಸಿದರೂ ನೀರು 12 ವರ್ಷ 6 ತಿಂಗಳು ಬರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ನಾನು ಮನಸ್ಸಿನಲ್ಲಿ ಎಣಿಸಿದ್ದ ದಾರಿ ಕೂಡ ಅದೇ: ಮರವೋ, ಮನುಷ್ಯನ ಸುಖವೋ. ಅಷ್ಟರಲ್ಲಿ ಹುಡುಗಿ ಕಾಗದದಿಂದ ತಲೆ ಎತ್ತಿ, "ಇನ್ನು ಕಾಲು ಲೀಟರ್ ಬಿಟ್ರೆ ಸಾಕು ಸಾರ್. ತಲಾ 19.75. ಒಂದು ಮರಾನೂ ಕಡೀಬೇಕಾಗಿಲ್ಲ" ಎಂದಳು. ನಾನು ಲೆಕ್ಕ ಹಾಕಿ ನೋಡಿದೆ. 12 ವರ್ಷ, ಮೇಲೆ ಒಂದು ವಾರ. ಕಟ್ಟಿದವನಿಗೇ ಕಾಣದ ಬಾಗಿಲು.

ಆದರೆ ನಾಲ್ಕನೆಯ ಕಂತಿನಲ್ಲಿ, ಮುಚ್ಚಿಟ್ಟ ಸುದ್ದಿ ಹೊರಬಿತ್ತು. ಎರಡನೆಯ ಕಂತಿನ ಪುಟ ತಿರುಗಿತ್ತು. ಐದನೆಯ ಕಂತಿನ ಸಭೆಯಲ್ಲಿ ಜನರನ್ನು ಒಪ್ಪಿಸಲು ಆರು ಕವಡೆ ಸಿಗುತ್ತಿದ್ದವರಿಗೆ ನಾಲ್ಕೇ ಸಿಕ್ಕವು. ನಂಬಿಕೆ ಕಳೆದುಕೊಂಡ ಬೆಲೆ. ಬೇಕಾದದ್ದು 3 ಬಾಯಿ. ಶೇಕಡ 66 ಇದ್ದದ್ದು 31ಕ್ಕೆ ಇಳಿದಿತ್ತು. ಕವಡೆ ಬಿತ್ತು, ಎರಡೇ ಬಾಯಿ. "ಒಪ್ಪಿದ 20ಕ್ಕೆ ತಪ್ಪುವುದಿಲ್ಲ. ಆದರೆ ಸುಳ್ಳು ಹೇಳಿದವರ ಮಾತಿಗೆ ಇನ್ನೊಂದು ಲೋಟವೂ ಇಲ್ಲ" ಎಂದಿತು ಸಭೆ.

ಕೊಠಡಿ ಮೌನವಾಯಿತು. ಅದು ನನ್ನ ಚಿತ್ರಕಥೆಯ ತಿರುವಾಗಿರಲಿಲ್ಲ. ತಾವೇ ಆಡಿದ ಸುಳ್ಳು ಮೂರು ವಾರದ ನಂತರ ಎದುರು ಬಂದು ನಿಂತಿದೆ ಎಂಬುದು ಐವರಿಗೂ ಗೊತ್ತಿತ್ತು. ಮೇಸ್ತ್ರಿಯಾಗಿದ್ದ ಹುಡುಗ ನನ್ನನ್ನು ನೋಡಿದ. "ಸಾರ್, ಇನ್ನೊಂದ್ಸಲ ಚೆಲ್ಲಬಹುದಾ?" ಬಹಳ ಆಸೆಯಾಯಿತು, ಹೂಂ ಎನ್ನಲು. ಎನ್ನಲಿಲ್ಲ.

ಒಂದು ಮರ

ಈಗ ಒಂದು ಮರ ಕಡಿಯಲೇಬೇಕು. 19 ಮರವಾದರೆ ದಿನದ ನಷ್ಟ 166 ಲೀಟರ್. ನೀರು 12 ವರ್ಷ ದಾಟುತ್ತದೆ, ಎರಡೂವರೆ ವಾರ ಉಳಿಯುತ್ತದೆ. ಯಾವ ಮರ? ಹುಳಿ ಹಣ್ಣಿನ, ಯಾರೂ ತಿನ್ನದ ಒಂದು ತಳಿ ಇತ್ತು. ಅದು ಹೋಗಲಿ ಎಂದರು ಮೂವರು. ವೈದ್ಯೆ ಒಪ್ಪಲಿಲ್ಲ. ಇವತ್ತು ಬೇಡವಾದ ಮರ ನಾಳೆಯ ರೋಗಕ್ಕೆ ತಡೆ ಕೊಡುವುದಾಗಿದ್ದರೆ? ತಳಿ ಸಂಗ್ರಹಗಳಲ್ಲಿ ರುಚಿಯಿಲ್ಲದ ಗಿಡವನ್ನೂ ಸಾಕುವುದು ಇದೇ ಕಾರಣಕ್ಕೆ. ಈ ವಾದವನ್ನು ನಾನು ಕಲಿಸಿಕೊಟ್ಟಿರಲಿಲ್ಲ.

ಆಗ ತೋಟಗಾರನ ಪಾತ್ರದ ಹುಡುಗ, ಅವನ ಮನೆಯಲ್ಲಿ ನಿಜವಾಗಿಯೂ ತೋಟವಿದೆ, "ಮರ ಹೋಗ್ಲಿ, ತಳಿ ಯಾಕೆ ಹೋಗ್ಬೇಕು? ಕಸಿ ಕಟ್ಟಿದ್ರಾಯ್ತು. ಅದರ ಕಡ್ಡಿ ತಂದು ಪಕ್ಕದ ಮರದ ಕೊಂಬೆಗೆ ಕೂರಿಸ್ತೀನಿ" ಎಂದ. ಮಾವಿನಲ್ಲಿ ಒಂದೇ ಮರದ ಬೇರೆ ಬೇರೆ ಕೊಂಬೆಗೆ ಬೇರೆ ಬೇರೆ ತಳಿ ಕಟ್ಟುವುದನ್ನು ಅವನು ನೋಡಿದ್ದ. ಹಲಸಿನಲ್ಲೂ ಕಸಿ ಕೂಡುತ್ತದೆ. 'ಸಿದ್ದು' ಸಸಿಗಳು ಹೊರಬರುವುದು ಹಾಗೆಯೇ.

ಕಸಿ ಹಿಡಿಯಿತೋ ಇಲ್ಲವೋ ನೋಡಲು ಒಂದು ವರ್ಷ ಎಂದೆ. ಆ ವರ್ಷ 20 ಮರಕ್ಕೂ ನೀರು ಬೇಕು. 730 ಲೀಟರ್ ಹೆಚ್ಚು ನಷ್ಟ. ಉಳಿದ ಎರಡೂವರೆ ವಾರದ ನೀರು ನಾಲ್ಕು ಪ್ರಯತ್ನಕ್ಕೆ ಕಷ್ಟದಿಂದ ಸಾಲುತ್ತದೆ, ಐದನೆಯದಕ್ಕಿಲ್ಲ. ಹುಡುಗ ನುರಿತ ತೋಟಗಾರ: ಆರು ಕವಡೆ, 3 ಬಾಯಿ ಬೇಕು. ಮೊದಲ ವರ್ಷ: ಎರಡೇ ಬಾಯಿ. ಕಸಿ ಒಣಗಿತು. ಎರಡನೆಯ ವರ್ಷ ಚೆಲ್ಲುವ ಮುಂಚೆ ಲೆಕ್ಕಿಗಳು ಅವನಿಗೆ ಮೆಲ್ಲನೆ ಹೇಳಿದಳು: "ಎರಡು ಸಲಾನೂ ತಪ್ಪೋದು ನೂರಕ್ಕೆ ಹನ್ನೆರಡು ಅಷ್ಟೇ." ಆರು ಕವಡೆ ಉರುಳಿದವು. ನಾಲ್ಕು ಬಾಯಿ.

ಹುಳಿ ಹಲಸಿನ ಮರ ಉರುಳಿತು. ಅದರ ಒಂದು ಕೊಂಬೆ ಪಕ್ಕದ ಮರದ ಮೇಲೆ ಚಿಗುರಿತು. ಮಕ್ಕಳು ನೋಟ್‌ಬುಕ್ಕಿನ 'ನಷ್ಟ' ಎಂಬ ಅಂಕಣದಲ್ಲಿ ಮರವನ್ನು ಬರೆದರು. 'ಮುಚ್ಚಿಟ್ಟದ್ದು' ಎಂಬ ಅಂಕಣವನ್ನು ಆರನೆಯ ಕಂತಿನಲ್ಲಿ ಖಾಲಿ ಬಿಟ್ಟರು. ಬಿಡಬೇಕೆಂದು ನಾನು ಹೇಳಿರಲಿಲ್ಲ.

ನೀವೂ ಆಡಿ

ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ಜನರನ್ನು ಬೆರಗುಗೊಳಿಸಿತ್ತು. ಅದೇ ಸೀಮೆಯ ನಿಮಗೆ ಈ ಆಟಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಆರು ಕವಡೆ, ನಾಲ್ಕು ಗೆಳೆಯರು. ಹಡಗು ನಿಮ್ಮ ಮಾತಿನಲ್ಲೇ ತೇಲಬೇಕು.

ಶನಿಗ್ರಹವೇ ಬೇಕೆಂದಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ನೂರು ವರ್ಷದ ನಂತರ ಅಲ್ಲಿ ಏನು ತಯಾರಾದೀತು? ಪಾವಗಡದ ಬಯಲಿನಲ್ಲಿ ಸಾವಿರಾರು ಎಕರೆ ಸೌರಫಲಕಗಳಿವೆ. ಮೂರು ತಿಂಗಳು ಸೂರ್ಯ ಮಂಕಾದರೆ? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದು ದಾರಿ ತೋರಿದ್ದಾರೆ. ಓದಿ, ಆಮೇಲೆ ನಿಮ್ಮದನ್ನು ಕಟ್ಟಿ.

ಆಡುವಾಗ ಎರಡು ಕಟ್ಟಳೆ ಮರೆಯಬೇಡಿ. ಯಾರಿಗಾದರೂ ಒಂದು ಸನ್ನಿವೇಶ ನಿಜವಾಗಿ ನೋವು ತಂದರೆ, ಕಾರಣ ಕೇಳದೆ ಅದನ್ನು ಬಿಟ್ಟು ಮುಂದೆ ಹೋಗಿ; ಆಟಕ್ಕಿಂತ ಗೆಳೆಯ ದೊಡ್ಡವನು. ಎರಡನೆಯದು, ಪ್ರತಿ ಕಂತಿನಲ್ಲೂ ಸುಮ್ಮನೆ ಕುಳಿತವರನ್ನು ಒಮ್ಮೆಯಾದರೂ ಹೆಸರು ಹಿಡಿದು ಕೇಳಿ: "ನೀನೇನು ಮಾಡುತ್ತೀಯೆ?" ಕೇಳಿದ ಮೇಲೆ, ಅವರು ಹೇಳುವ ಉತ್ತರ ನಿಮ್ಮ ಹಡಗಿನ ದಿಕ್ಕನ್ನು ಬದಲಿಸುವುದಾದರೆ, ಬದಲಿಸಲು ಬಿಡಿ.